ಕಂಪೌಂಡರರ ರೈಲು ಅಟ್ಟಣೆ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಗೂಡ್ಸ್ ಡಬ್ಬಿ. ಹೆಬ್ಬೆರಳಿಗಿಂತ ಚೂರು ಉದ್ದ, ಬೆಂಕಿಪೊಟ್ಟಣಕ್ಕಿಂತ ಚೂರು ಸಪೂರ. ಇಷ್ಟು ಸಣ್ಣ ವಸ್ತು ಅಷ್ಟು ದೊಡ್ಡ ಸಂಸಾರವನ್ನು ಅಲುಗಾಡಿಸಿದ್ದನ್ನು ಭೂಗೋಳದಲ್ಲಿ ಇನ್ನೊಂದು ಕಡೆ ಯಾರಾದರೂ ತೋರಿಸಿದರೆ ನಾನು ಕತೆ ಹೇಳುವುದನ್ನೇ ಬಿಟ್ಟುಬಿಡುತ್ತೇನೆ.

ಭಾನುವಾರ ಬೆಳಿಗ್ಗೆ ಕಂಪೌಂಡರರ ಹೆಂಡತಿ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಹಿಂದಿನ ಕೋಣೆ ದಾಟುತ್ತಿದ್ದರು. ಆ ಕೋಣೆಯ ನೆಲದ ತುಂಬ ಕಂಪೌಂಡರರ ಪುಟಾಣಿ ರೈಲು, ಹಳಿ, ಸಿಗ್ನಲ್ಲು, ಸ್ಟೇಷನ್ನು. ಹೆಂಡತಿಯ ಕಾಲು ಸರಿಯಾಗಿ ಗೂಡ್ಸ್ ಡಬ್ಬಿಯ ಮೇಲೆ ಬಿತ್ತು. ಡಬ್ಬಿ ಓಡಿತು. ಅದರ ಮೇಲೆ ಅವರೂ ಓಡಿದರು. ಬಕೆಟ್ಟು ಇಬ್ಬರನ್ನೂ ಹಿಂದೆ ಹಾಕಿ ಎದುರು ಗೋಡೆ ಮುಟ್ಟಿತು. ಸದ್ದು ಕೇಳಿ ಕಂಪೌಂಡರರು ಚಿರತೆಯ ಹಾಗೆ ಹಾರಿ ಬಂದು, ಮೊದಲು ಡಬ್ಬಿಯನ್ನು ಎತ್ತಿಕೊಂಡರು. "ಪೆಟ್ಟಾಯ್ತಾ?" ಎಂದು ಕೇಳಿದರು. ಕೇಳಿದ್ದೇನೋ ಸರಿ, ಕೇಳುವಾಗ ನೋಡುತ್ತಿದ್ದದ್ದು ಡಬ್ಬಿಯ ಚಕ್ರವನ್ನು.

ಹೆಂಡತಿ ಒದ್ದೆ ಬಟ್ಟೆಯ ರಾಶಿಯ ನಡುವಿನಿಂದ ನಿಧಾನವಾಗಿ ಎದ್ದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ರೀ, ಸಂಜೆ ಅಪ್ಪ ಬರ್ತಾರೆ. ಅಷ್ಟರೊಳಗೆ ನಿಮ್ಮ ರೈಲು ನೆಲ ಬಿಟ್ಟಿರ್ಬೇಕು."

"ನೆಲ ಬಿಟ್ಟು ಎಲ್ಲಿಗೆ ಹೋಗುತ್ತೆ ಮಾರಾಯ್ತಿ?"

"ಮರದ ಅಟ್ಟಣೆ ಕಟ್ತೀನಿ, ಅದರ ಮೇಲೆ ಓಡಿಸ್ತೀನಿ ಅಂತ ಮದುವೆಯಾದಾಗಿಂದ ಹೇಳ್ತಿದ್ದೀರಲ್ಲ, ಇವತ್ತು ಕಟ್ಟಿ. ಅಪ್ಪ ನೋಡಿ ಸೈ ಅಂದ್ರೆ ಈ ಕೋಣೆ ನಿಮ್ಮದು, ನಾನು ಇತ್ತ ತಲೆ ಹಾಕಿಯೂ ಮಲಗಲ್ಲ. ಅದು ಒಂದೇ ಒಂದು ಸಲ ಕಿರ್ ಅಂದ್ರೂ ಸಾಕು, ರೈಲು ಮೂಟೆ ಕಟ್ಟಿ ಅಟ್ಟಕ್ಕೆ, ನನ್ನ ಹೊಲಿಗೆ ಮಿಷನ್ನು ಇಲ್ಲಿಗೆ."

ಕಂಪೌಂಡರರ ಮುಖದಲ್ಲಿ ರಕ್ತವೆಲ್ಲ ಇಳಿದುಹೋಯಿತು. ಅವರ ಮಾವ ಯಾರೆಂದು ಗೊತ್ತಿದ್ದರೆ ನಿಮ್ಮದೂ ಇಳಿಯುತ್ತಿತ್ತು. ಸೇತುವೆ ಕಟ್ಟಿಸಿ ಕಟ್ಟಿಸಿ ನಿವೃತ್ತರಾದ ಎಂಜಿನಿಯರು. ಅಂಗಿಯ ಜೇಬಿನಲ್ಲಿ ಪೆನ್ನು ಇಡುವ ಜಾಗದಲ್ಲಿ ಪುಟ್ಟ ರಸಮಟ್ಟ ಇಟ್ಟುಕೊಂಡು ಓಡಾಡುವವರು. ಎಲ್ಲಿ ಕೂತರೂ ಅದನ್ನು ತೆಗೆದಿಟ್ಟು, ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತಿದೆಯೋ ಇಲ್ಲವೋ ನೋಡಿ, ಆಮೇಲೆ ಮಾತು. ನಿವೃತ್ತಿಯ ದಿನ ಇಲಾಖೆಯವರು ಪ್ರೀತಿಯಿಂದ ಅವರ ಫೋಟೋಕ್ಕೆ ಚೌಕಟ್ಟು ಹಾಕಿಸಿ ಕೊಟ್ಟರೆ, ವೇದಿಕೆಯ ಮೇಲೆಯೇ ಅದಕ್ಕೆ ರಸಮಟ್ಟ ಹಿಡಿದು "ಎಡಕ್ಕೆ ವಾಲಿದೆ" ಎಂದು ವಾಪಸ್ಸು ಕೊಟ್ಟ ಮನುಷ್ಯ. ಜೀವಮಾನದಲ್ಲಿ ಯಾವುದನ್ನೂ ಯಾರನ್ನೂ ಹೊಗಳಿದವರಲ್ಲ. ಅಳಿಯನನ್ನಂತೂ ಅಳತೆಗೇ ಸಿಗದ ವಸ್ತು ಎಂದು ಬಿಟ್ಟಿದ್ದರು.

ಆದರೆ ನಮ್ಮ ಕಂಪೌಂಡರರನ್ನು ಕಡಿಮೆ ಅಂದುಕೊಳ್ಳಬೇಡಿ. ದಂತವೈದ್ಯರ ಹತ್ತಿರ ಕೆಲಸ. ಊರಿನ ಅರ್ಧದಷ್ಟು ಹಲ್ಲುಗಳು ಇವತ್ತಿಗೂ ಬಾಯೊಳಗೆ ನಿಂತಿದ್ದರೆ ಅದು ಅವರು ಕಲಸಿಕೊಟ್ಟ ಸಿಮೆಂಟಿನ ಬಲದಿಂದ. ಅವರು ತುಂಬಿಸಿದ ಹಲ್ಲಿನಲ್ಲಿ ಕಬ್ಬಿಣದ ಸರಳು ಕಚ್ಚಿದವರನ್ನು ನಾನು ಕಂಡಿದ್ದೇನೆ, ಸರಳು ಬಾಗಿತ್ತು. ಇದು ಅರ್ಧಕ್ಕರ್ಧ ಇಳಿಸಿ ಹೇಳುತ್ತಿರುವುದು.

ಮರದ ರೀಪರುಗಳು, ಪ್ಲೈವುಡ್ಡು, ಸ್ಕ್ರೂ ಎಲ್ಲ ಹಿತ್ತಲಲ್ಲಿ ವರ್ಷಗಳಿಂದ ಕಾಯುತ್ತಿದ್ದವು. ಕಂಪೌಂಡರರು ಅವನ್ನು ಒಳಗೆ ತಂದು ಸಾಲಾಗಿ ಮಲಗಿಸಿದರು. ಕೈ ತೊಳೆದುಕೊಂಡರು. ಮುಖಕ್ಕೆ ಕ್ಲಿನಿಕ್ಕಿನ ಮುಸುಕು ಕಟ್ಟಿಕೊಂಡರು. ಮೊದಲ ರೀಪರನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಅಭ್ಯಾಸಬಲದಿಂದ "ಇಲ್ಲಿ ನೋವಾಗುತ್ತಾ?" ಎಂದು ಕೇಳಿದರು. ರೀಪರು ಸುಮ್ಮನಿತ್ತು. ಡ್ರಿಲ್ಲಿಟ್ಟರು. ಆಹಾ, ಆ ತೂತಿನ ಅಂದವನ್ನು ನೋಡಬೇಕಿತ್ತು. ಬಡಗಿ ಕೊರೆದರೆ ತೂತು ಬೀಳುತ್ತದೆ. ಕಂಪೌಂಡರರು ಕೊರೆದಾಗ ಮರಕ್ಕೆ ಕೊರೆದದ್ದೇ ಗೊತ್ತಾಗಲಿಲ್ಲ. ತೂತಿನೊಳಗಿನ ಹೊಟ್ಟನ್ನು ಹತ್ತಿಯಿಂದ ಒರೆಸಿ, ಗಾಳಿ ಊದಿ, ಆಮೇಲೆ ಸ್ಕ್ರೂ ತಿರುಗಿಸಿದರು. ಎರಡು ಪಟ್ಟಿ ಕೂಡುವ ಕಡೆ ಕೂದಲೆಳೆಯಷ್ಟು ಸಂದು ಕಂಡರೂ ಹಲ್ಲು ತುಂಬುವ ಸಿಮೆಂಟು ಕಲಸಿ ತುಂಬಿದರು. ಅವಧಿ ಮುಗಿಯಿತೆಂದು ಡಾಕ್ಟರು ಬಿಸಾಡಲು ಕೊಟ್ಟಿದ್ದ ಡಬ್ಬಗಳು ಮನೆಯಲ್ಲಿ ಗೋಪುರದ ಹಾಗೆ ಬಿದ್ದಿದ್ದವು.

ಉದ್ದಪಟ್ಟಿ, ಅಡ್ಡಪಟ್ಟಿ ಸೇರಿ ಚೌಕಟ್ಟು ಎದ್ದಿತು. ಎದೆಯೆತ್ತರದ ಕಾಲುಗಳು ಬಂದವು. ಅಷ್ಟು ಎತ್ತರಕ್ಕೆ ಇಟ್ಟರೆ ರೈಲು ಕಣ್ಣಿನ ಮುಂದೆಯೇ ಹಾದುಹೋಗುತ್ತದೆ, ನಿಜವಾದ ಸ್ಟೇಷನ್ನಿನಲ್ಲಿ ನಿಂತ ಹಾಗೇ ಇರುತ್ತದೆ ಎಂಬುದು ಅವರ ಬಹುದಿನದ ಕನಸು. ಆ ಹೊತ್ತಿಗೆ ಪಕ್ಕದ ಮನೆಯ ವ್ಯಾಯಾಮದ ಮೇಷ್ಟ್ರು ಒಳಗೆ ಬಂದರು. ಬಂದರು ಅನ್ನುವುದಕ್ಕಿಂತ ಬಾಗಿಲು ತುಂಬಿದರು ಅನ್ನಬೇಕು. ಅವರು ನಿಂತರೆ ಕೋಣೆಗೆ ಕತ್ತಲೆ ಕವಿಯುತ್ತಿತ್ತು.

"ಏನ್ ಕಂಪೌಂಡರೇ, ಕೊಕ್ಕರೆ ಸಾಕಿದೀರಾ? ಇದೇನು ಕಾಲು?"

"ರೈಲಿಗೆ ಅಟ್ಟಣೆ ಮೇಷ್ಟ್ರೇ. ರೈಲು ನೆಲ ಬಿಡ್ಬೇಕು ಅಂತ ಇವಳ ಷರತ್ತು. ಸಂಜೆ ಮಾವ ಬಂದು ನೋಡ್ತಾರೆ."

ಮೇಷ್ಟ್ರು ಮಾವನವರನ್ನು ಒಂದು ಸಲ ಕಂಡಿದ್ದರು. ತಟ್ಟನೆ ತೋಳು ಮಡಚಿದರು. "ಹಾಗಾದ್ರೆ ಒಂದು ಕಾಲಿಗೆ ಇನ್ನೊಂದು ಕಾಲು ಸೇರಿಸ್ರೀ. ಓರೆಪಟ್ಟಿ ಹೊಡೀರಿ. ನಾನು ಹಿಡ್ಕೋತೀನಿ."

ಕಾಲುಗಳು ಜೋಡಿಯಾದವು. ಓರೆಪಟ್ಟಿಗಳು ಬಿದ್ದವು. ಆದರೆ ಕೈಯಿಟ್ಟರೆ ಅಟ್ಟಣೆ ಕುಡುಕನ ಹಾಗೆ ಒಂದು ಮಗ್ಗುಲಿಗೆ ತೂಗಿತು.

"ಒಂದು ಕಾಲು ಎತ್ತರ ಇದೆ," ಎಂದರು ಮೇಷ್ಟ್ರು.

"ಗಾಬರಿಯಾಗ್ಬೇಡಿ. ಇದು ನಮ್ಮ ಲೈನು," ಎಂದರು ಕಂಪೌಂಡರರು.

ಹಲ್ಲು ತುಂಬಿದ ಮೇಲೆ ಡಾಕ್ಟರು ಒಂದು ನೀಲಿ ಕಾಗದ ಕಚ್ಚಿಸುತ್ತಾರಲ್ಲ, ಎಲ್ಲಿ ನೀಲಿ ಗುರುತು ಬೀಳುತ್ತದೋ ಅಲ್ಲಿ ಎತ್ತರ ಜಾಸ್ತಿ ಎಂದು ತಿಳಿದು ಉಜ್ಜುತ್ತಾರಲ್ಲ, ಅದೇ ಕಾಗದ. ಕಂಪೌಂಡರರು ಪ್ರತಿ ಕಾಲಿನ ಕೆಳಗೂ ಒಂದೊಂದು ಚೂರು ಇಟ್ಟರು. "ಕಚ್ಚಿ," ಎಂದರು. ಮೇಷ್ಟ್ರು ಅಟ್ಟಣೆಯನ್ನು ಮೇಲಿಂದ ಒತ್ತಿದರು. ಗುರುತು ಬಿದ್ದ ಕಾಲನ್ನು ಕಂಪೌಂಡರರು ಗರಗಸದಿಂದ ಕುಯ್ದು, ಮರಳುಕಾಗದದಿಂದ ನಯ ಮಾಡಿ, "ಈಗ ನೋಡಿ" ಎಂದರು. ಮೇಷ್ಟ್ರು ನೋಡಿದರು. ಈಗ ಬೇರೆ ಕಾಲು ಎತ್ತರ.

ಅದನ್ನೂ ಕುಯ್ದರು. ಮತ್ತೆ ಕಚ್ಚಿಸಿದರು. ಈಗ ಮೂರನೆಯದು.

ಅಸಲು ಸಂಗತಿ ಏನೆಂದರೆ, ಅಟ್ಟಣೆಯಲ್ಲಿ ತಪ್ಪೇ ಇರಲಿಲ್ಲ. ಕೋಣೆಯ ನೆಲವೇ ಹಿತ್ತಲ ತೊಟ್ಟಿಯ ಕಡೆಗೆ ಇಳಿಜಾರಾಗಿತ್ತು, ನೀರು ಹರಿಯಲಿ ಎಂದು ಗಾರೆಯವನು ಮಾಡಿದ ಇಳಿಜಾರು. ಮೇಷ್ಟ್ರಿಗೋ, ಪ್ರತಿ ಸಲವೂ ಅಟ್ಟಣೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ತೋಳಿನ ಬಲ ತೋರಿಸುವ ಉತ್ಸಾಹ. ಕಾಲು ಕುಯ್ದಾದ ಮೇಲೆ ಇಳಿಸುವಾಗ ಒಂದು ಸುತ್ತು ತಿರುಗಿಸಿ ಇಳಿಸುತ್ತಿದ್ದರು. ಹೀಗಾಗಿ ಪ್ರತಿ ಸಲವೂ ಹೊಸ ಕಾಲು ಏರಿನ ಕಡೆಗೆ ಬಂದು ನಿಲ್ಲುತ್ತಿತ್ತು. ಇಬ್ಬರೂ ಶ್ರದ್ಧೆಯ ಮನುಷ್ಯರು. ಇಂಥ ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಚ್ಚಿಸಿದರು, ಕುಯ್ದರು, ತಿರುಗಿಸಿದರು. ಕಚ್ಚಿಸಿದರು, ಕುಯ್ದರು, ತಿರುಗಿಸಿದರು. ಎದೆಯೆತ್ತರದ ಅಟ್ಟಣೆ ಹೊಟ್ಟೆಗೆ ಬಂತು, ತೊಡೆಗೆ ಬಂತು.

ಮಹಡಿಯ ಮೇಲಿದ್ದ ಸಂಗೀತದ ಟೀಚರಮ್ಮ ಗರಗಸದ ಶ್ರುತಿ ತಾಳಲಾರದೆ ಇಳಿದು ಬಂದರು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಅಲ್ಲಪ್ಪ ಮೇಷ್ಟ್ರೇ, ನೀವು ಅದನ್ನ ಯಾಕೆ ಪ್ರತಿ ಸಲ ತಿರುಗಿಸ್ತೀರಿ?"

ಮೇಷ್ಟ್ರು ಕಂಪೌಂಡರರನ್ನು ನೋಡಿದರು. ಕಂಪೌಂಡರರು ಅಟ್ಟಣೆಯನ್ನು ನೋಡಿದರು. ಅದು ಅವರ ಮೊಣಕಾಲಿನ ಹತ್ತಿರ, ಕುಳಿತ ಕರುವಿನ ಹಾಗೆ ನೋಡುತ್ತಿತ್ತು.

"ಗಿಡ್ಡ ಆದ್ರೂ ನೆಲ ಬಿಟ್ಟಿದೆ ತಾನೇ," ಎಂದರು ಮೇಷ್ಟ್ರು ಮೆಲ್ಲಗೆ. "ಷರತ್ತು ಅಷ್ಟೇ ಇದ್ದದ್ದು."

ಕನಸು ಹೋದರೆ ಹೋಗಲಿ, ಕೋಣೆ ಉಳಿಯಲಿ ಎಂದು ಕಂಪೌಂಡರರು ಹಲ್ಲು ಕಚ್ಚಿದರು. ಬಾಯಿಯ ಅಚ್ಚು ತೆಗೆಯುವ ಪ್ಲಾಸ್ಟರನ್ನು ಬೋಗುಣಿಗಟ್ಟಲೆ ಕಲಸಿದರು. ಕಾಲುಗಳ ಬುಡಕ್ಕೆ ಸುರಿದು, ಗಟ್ಟಿಯಾಗುವಷ್ಟರಲ್ಲಿ ಎಳೆಯಷ್ಟು ಎತ್ತಿ, ಎಳೆಯಷ್ಟು ತಗ್ಗಿಸಿ, ದಾರ ಹಿಡಿದು, ಬಟ್ಟಲಲ್ಲಿ ನೀರಿಟ್ಟು, ಮಟ್ಟ ಮಾಡಿದರು. ಆ ಹೊತ್ತಿನಲ್ಲಿ ಅವರ ಕೈ ನೋಡಿದ್ದರೆ ನೀವು ನಮಸ್ಕಾರ ಹಾಕುತ್ತಿದ್ದಿರಿ. ಬಟ್ಟಲಿನ ನೀರು ಕನ್ನಡಿಯ ಹಾಗೆ ನಿಂತಿತು. ನೊಣ ಒಂದು ಬಂದು ಅಂಚಿಗೆ ಕೂತು, ಹೆದರಿ ಎದ್ದುಹೋಯಿತು. ಪ್ಲಾಸ್ಟರು ಒಣಗಿತು. ಇನ್ನು ಅಟ್ಟಣೆ ಏಳಬೇಕಾದರೆ ಮನೆಯೇ ಏಳಬೇಕು.

ಆಗ ಎದುರು ಮನೆಯ ನಿವೃತ್ತ ಬಸ್ ಡ್ರೈವರಣ್ಣ ಕಾಫಿ ಲೋಟದೊಂದಿಗೆ ಬಂದರು. ಅವರಿಗೆ ಮರಗೆಲಸದ ವಿಷಯ ಗೊತ್ತಿಲ್ಲ, ತಿರುವಿನ ವಿಷಯ ಬಿಟ್ಟು ಬೇರೇನೂ ಗೊತ್ತಿಲ್ಲ.

"ಹಳಿ ಎಲ್ಲಿ ತಿರುಗುತ್ತೆ?"

ಕಂಪೌಂಡರರು ಬೆರಳಿನಿಂದ ತೋರಿಸಿದರು.

"ಇಷ್ಟು ಗಿಡ್ಡ ತಿರುವಲ್ಲಿ ಹೋದ್ರೆ ನಿಮ್ಮ ಪ್ಯಾಸೆಂಜರು ಕಿಟಕಿಯಿಂದ ಹೊರಗೆ ಬೀಳ್ತಾರೆ. ಜಾಗ ಬೇಕು ತಮ್ಮಾ, ಜಾಗ. ಆ ಗೋಡೆವರೆಗೂ ತಗೊಂಡು ಹೋಗು."

"ಪ್ಯಾಸೆಂಜರು ಯಾರೂ ಇಲ್ಲ ಅಣ್ಣ."

"ತಿರುವು ಸರಿ ಇದ್ರೆ ಬರ್ತಾರೆ."

ಹೀಗೆ ಅಟ್ಟಣೆಗೆ ಎರಡೂ ಕಡೆ ರೆಕ್ಕೆ ಮೂಡಿತು. ಎಡಗೋಡೆಯಿಂದ ಬಲಗೋಡೆಗೆ, ಕಿಟಕಿಯಿಂದ ಬಾಗಿಲಿನ ಹೊಸ್ತಿಲವರೆಗೆ ಅಟ್ಟಣೆಯೇ ಕೋಣೆಯಾಯಿತು, ಕೋಣೆಯೇ ಅಟ್ಟಣೆಯಾಯಿತು. ಮೇಲೆ ಪ್ಲೈವುಡ್ಡು ಹಾಸಿ, ಸ್ಕ್ರೂಗಳ ತಲೆಗೆಲ್ಲ ಸಿಮೆಂಟಿನ ಟೋಪಿ ತೊಡಿಸಿ, ಉಜ್ಜಿ, ಹೊಳಪು ಕೊಟ್ಟರು. ಟೀಚರಮ್ಮ ಕಿವಿಯಿಟ್ಟು ಒಂದೊಂದೇ ಪಟ್ಟಿಯನ್ನು ತಟ್ಟಿದರು. ಮೂಲೆಯ ಒಂದು ಪಟ್ಟಿಯಲ್ಲಿ ಮಾತ್ರ "ಅಪಸ್ವರ ಇದೆ" ಎಂದರು. ಕಂಪೌಂಡರರು ಅದನ್ನು ಬಿಚ್ಚಿ, ಒಳಗೆ ಟೊಳ್ಳು ಹುಡುಕಿ, ಹುಳುಕು ಹಲ್ಲಿನ ಹಾಗೆ ಕೆರೆದು ತುಂಬಿದರು. ಮತ್ತೆ ತಟ್ಟಿದಾಗ ಟೀಚರಮ್ಮ ಕಣ್ಣು ಮುಚ್ಚಿ ತಲೆದೂಗಿದರು. ಅವರು ತಲೆದೂಗುವುದು ಅಪರೂಪ. ಅವರ ಶಿಷ್ಯರನ್ನು ಕೇಳಿ.

ಸಂಜೆ ಹೊರಗೆ ಆಟೋ ನಿಂತಿತು. ಮಾವನವರು ಇಳಿದರು. ಎರಡು ದಿನಕ್ಕೆ ಬೇಕಾಗುವಷ್ಟು ಒಂದು ಸಣ್ಣ ಚೀಲ, ಹುಬ್ಬು ಗಂಟು, ಕಣ್ಣಿನ ಕೆಳಗೆ ಕಪ್ಪು. ನಗುವಿನ ಪರಿಚಯವೇ ಇಲ್ಲದ ಮುಖ. ಮಗಳು ವಿಷಯ ಹೇಳಿದರು. ಅವರು ನೀರನ್ನೂ ಕುಡಿಯದೆ ನೇರವಾಗಿ ಹಿಂದಿನ ಕೋಣೆಗೆ ನಡೆದರು.

"ಇದನ್ನ ಕಟ್ಟಿದ್ದು ಯಾರು?"

"ನಾನೇ ಮಾವ," ಎಂದರು ಕಂಪೌಂಡರರು. ಹಿಂದಿನಿಂದ ಮೇಷ್ಟ್ರು, ಡ್ರೈವರಣ್ಣ, ಟೀಚರಮ್ಮ ಮೂವರೂ ಕೆಮ್ಮಿದರು. "ಇವರೂ ಇದ್ದರು."

"ನಾನು ಕಟ್ಟಿಸಿದ ಸೇತುವೆ ಮೇಲೆ ಮೊದಲ ಲಾರಿ ಹೋಗುವಾಗ ನಾನು ಕೆಳಗೆ ನಿಂತಿರ್ತಿದ್ದೆ. ಕಟ್ಟಿದವನು ಕೆಳಗಿರಬೇಕು. ಅಳಿಯಂದಿರು ಕೆಳಗೆ ಹೋಗಲಿ. ಮಿಕ್ಕವರು ಮೇಲೆ ಹತ್ತಲಿ."

ಕಂಪೌಂಡರರು ಬೋರಲಾಗಿ, ಹಲ್ಲಿಯ ಹಾಗೆ ಹೊಟ್ಟೆ ಹೊಸೆಯುತ್ತ ಅಟ್ಟಣೆಯ ಕೆಳಗೆ ತೂರಿದರು. ಮೊದಲು ಮೇಷ್ಟ್ರು ಹತ್ತಿದರು. ಕೆಳಗಿದ್ದ ಕಂಪೌಂಡರರು ಕಣ್ಣು ಮುಚ್ಚಿ ತಾವು ಈವರೆಗೆ ಕಲಸಿದ ಸಿಮೆಂಟನ್ನೆಲ್ಲ ನೆನೆದರು. ಡ್ರೈವರಣ್ಣ ಹತ್ತಿದರು. ಟೀಚರಮ್ಮ ಹತ್ತಿ ಮೂಲೆಯಲ್ಲಿ ಕೂತು ಹಲಗೆಗೆ ಕಿವಿಯಿಟ್ಟರು. ಕೊನೆಗೆ ಹೆಂಡತಿಯೂ ಹತ್ತಿದರು.

"ಸುಮ್ಮನೆ ನಿಂತ್ರೆ ಏನು ಬಂತು? ಕುಪ್ಪಳಿಸಿ," ಎಂದರು ಮಾವನವರು.

ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. "ಎಡ, ಬಲ, ಎಡ, ಬಲ" ಎಂದು ಕವಾಯತು ಶುರು ಮಾಡಿಸಿದರು. ಗೋಡೆಯ ಕ್ಯಾಲೆಂಡರು ಬಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳು ಉರುಳಿದವು. ಪಕ್ಕದ ಬೀದಿಯಲ್ಲಿ ನಾಯಿಗಳು ಓಡಿದವು. ಅಟ್ಟಣೆ ಮಾತ್ರ ಕಿರ್ ಎನ್ನಲಿಲ್ಲ. ಬಂಡೆಯ ಹಾಗಿತ್ತು ಎಂದರೆ ಬಂಡೆಗೆ ಹೆಚ್ಚುಗಾರಿಕೆ ಕೊಟ್ಟಂತಾಗುತ್ತದೆ.

ಮಾವನವರು ಕೈಯೆತ್ತಿ ನಿಲ್ಲಿಸಿದರು. ಚಪ್ಪಲಿ ಬಿಟ್ಟು ಅಟ್ಟಣೆ ಹತ್ತಿ, ಜೇಬಿನಿಂದ ರಸಮಟ್ಟ ತೆಗೆದು ನಡುವೆ ಇಟ್ಟರು, ಮೂಲೆಗಳಲ್ಲಿ ಇಟ್ಟರು, ಅಡ್ಡಡ್ಡ ಇಟ್ಟರು. ಎಲ್ಲಿಟ್ಟರೂ ಗುಳ್ಳೆ ಧ್ಯಾನಕ್ಕೆ ಕೂತವರ ಹಾಗೆ ನಟ್ಟನಡುವೆ ಕೂತಿತ್ತು. ರಸಮಟ್ಟ ಕೆಟ್ಟಿರಬೇಕೆಂದು ಅದನ್ನೇ ಅಲ್ಲಾಡಿಸಿ ನೋಡಿದರು. ಮತ್ತೆ ಇಟ್ಟರು. ಮತ್ತೆ ನಡುವೆ.

ಆಗ ಅವರ ಬಾಯಿಂದ, ತುಕ್ಕು ಹಿಡಿದ ಗೇಟು ತೆರೆದಂತೆ, ಒಂದು ಶಬ್ದ ಹೊರಟಿತು.

"ಭೇಷ್."

ಮಗಳ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಆಕೆ ಆ ಮಾತನ್ನು ಅಪ್ಪನ ಬಾಯಲ್ಲಿ ಕೇಳಿರಲಿಲ್ಲ. ಬಾಗಿ, ಅಟ್ಟಣೆಯ ಕೆಳಗೆ ಮುಖ ಹಾಕಿ, "ರೀ, ಕೋಣೆ ನಿಮ್ಮದು," ಎಂದರು. ಕಂಪೌಂಡರರು ಹೊರಗೆ ತೆವಳಿ ಬಂದಾಗ ಮೈತುಂಬ ಹೊಟ್ಟು, ಮುಖದ ತುಂಬ ಹಲ್ಲು. ಮೇಷ್ಟ್ರು ಅವರನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದರು. ಡ್ರೈವರಣ್ಣ ಹಳಿ ತರಲು ಓಡಿದರು.

"ತಡೀರಿ," ಎಂದರು ಮಾವನವರು. "ಕಣ್ಣಮಟ್ಟ ಒಂದು ಬಾಕಿ."

ಅವರು ಅಟ್ಟಣೆಯ ಮೇಲೆಯೇ ಅಂಗಾತ ಮಲಗಿದರು. ತಲೆಯನ್ನು ಓರೆ ಮಾಡಿ, ಹಲಗೆಯ ಉದ್ದಕ್ಕೂ ದೃಷ್ಟಿ ಹಾಯಿಸಲು ಒಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಣ್ಣೂ ಮುಚ್ಚಿತು.

ಎಲ್ಲರೂ ತೀರ್ಪಿಗೆ ಕಾದರು. ತೀರ್ಪು ಗೊರಕೆಯ ರೂಪದಲ್ಲಿ ಬಂತು.

"ಎಬ್ಬಿಸ್ಬೇಡಿ," ಎಂದು ಮಗಳು ಪಿಸುಗುಟ್ಟಿದರು. "ಅಪ್ಪ ನಿದ್ದೆ ಮಾಡಿದ್ದನ್ನ ನಾನು ನೋಡೇ ಇಲ್ಲ."

ಎಲ್ಲರೂ ಹಳಿ, ಡಬ್ಬಿ, ಎಂಜಿನ್ನು ಹಿಡಿದುಕೊಂಡು ಬಾಗಿಲಲ್ಲಿ ಸಾಲಾಗಿ ನಿಂತರು. ಕೈ ಸೋತವು. ಕಾಲು ಬದಲಿಸಿದರು. ಕಾಫಿ ಆರಿತು. ಕೊನೆಗೆ ಮಾವನವರು ಎದ್ದು ಕೂತಾಗ ಗುರುತೇ ಹತ್ತಲಿಲ್ಲ. ಗಂಟು ಬಿಚ್ಚಿದ ಹುಬ್ಬು, ಹಸುಗೂಸಿನ ಕೆನ್ನೆ. ಅವರು ನಕ್ಕರು ಕೂಡ. ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಎಡಕ್ಕೆ ವಾಲಿತ್ತು.

"ಅಳಿಯಂದಿರೇ, ಇಷ್ಟು ವರ್ಷ ನಾನು ಯಾಕೆ ನಿದ್ದೆ ಮಾಡಿಲ್ಲ ಗೊತ್ತಾ? ಈ ಪ್ರಪಂಚದಲ್ಲಿ ಒಂದೂ ಮಂಚ ಮಟ್ಟ ಇಲ್ಲ. ತಲೆ ಕಡೆ ತಗ್ಗು, ಕಾಲ ಕಡೆ ಏರು. ಮಲಗಿದ ತಕ್ಷಣ ಗೊತ್ತಾಗಿಬಿಡುತ್ತೆ, ಗೊತ್ತಾದ ಮೇಲೆ ನಿದ್ದೆ ಎಲ್ಲಿಂದ ಬರ್ಬೇಕು? ಬೈದು ಬೈದು ಬೆಳಗು ಮಾಡ್ತಿದ್ದೆ. ಇದೊಂದು ಮಟ್ಟವಾಗಿದೆ. ಎತ್ತರವೂ ಅಷ್ಟೇ, ಕಾಲು ಇಳಿಬಿಟ್ಟರೆ ನೆಲಕ್ಕೆ ಸರಿಯಾಗಿ ತಾಗುತ್ತೆ. ಅಳತೆ ತಗೊಂಡು ಮಾಡಿದ ಹಾಗಿದೆ."

"ಸಂತೋಷ ಮಾವ," ಎಂದರು ಕಂಪೌಂಡರರು. ಅವರ ಕೈಯಲ್ಲಿದ್ದ ಎಂಜಿನ್ನಿಗೆ ಮುಂದಾಗುವುದರ ವಾಸನೆ ಮೊದಲೇ ಬಡಿದಿತ್ತೋ ಏನೋ, ಅದರ ಚಕ್ರ ತಾನಾಗಿ ತಿರುಗಿತು.

"ಮಗಳೇ, ನಾನು ಇನ್ನು ಇಲ್ಲೇ ಇದ್ದುಬಿಡ್ತೀನಿ."

ಕಂಪೌಂಡರರಿಗೆ ತಕ್ಷಣ ಒಂದು ಉಪಾಯ ಹೊಳೆಯಿತು. "ಮಾವ, ನಿಮಗೆ ತೊಂದರೆ ಯಾಕೆ? ಇದನ್ನೇ ಎತ್ತಿ ನಿಮ್ಮ ಮನೆಗೆ ಕಳಿಸಿಕೊಡ್ತೀನಿ. ಮೇಷ್ಟ್ರೇ, ಒಂದು ಕೈ ಹಾಕಿ."

ಮೇಷ್ಟ್ರು ಎರಡೂ ಕೈ ಹಾಕಿದರು. ಕುತ್ತಿಗೆಯ ನರ ಹಗ್ಗವಾಯಿತು. ಅಂಗಿಯ ಗುಂಡಿಗಳು ಸಿಡಿದವು. ಅಟ್ಟಣೆ ಅವರನ್ನು ಕಂಡೇ ಇಲ್ಲ ಎನ್ನುವ ಹಾಗಿತ್ತು. ಸ್ಕ್ರೂ ಬಿಚ್ಚೋಣವೆಂದರೆ ಒಂದೊಂದರ ತಲೆಯ ಮೇಲೂ ಸಿಮೆಂಟಿನ ಟೋಪಿ.

"ಕೀಳಬೇಡಿ," ಎಂದರು ಮಾವನವರು ಅಕ್ಕರೆಯಿಂದ. "ಕಿತ್ತರೆ ಮಟ್ಟ ಹೋಗುತ್ತೆ."

ಕಂಪೌಂಡರರು ಹೆಂಡತಿಯ ಕಡೆ ತಿರುಗಿದರು. "ನೀನು ಮಾತು ಕೊಟ್ಟಿದ್ದೆ."

"ಕೊಟ್ಟ ಮಾತು ಮಾತೇ," ಎಂದರು ಹೆಂಡತಿ. "ಕೋಣೆ ನಿಮ್ಮದೇ. ಅಪ್ಪ ನಿಮ್ಮ ಕೋಣೆಯಲ್ಲಿ ಇರ್ತಾರೆ, ಅಷ್ಟೇ. ನಾನು ಇತ್ತ ತಲೆ ಹಾಕಿಯೂ ಮಲಗಲ್ಲ."

ಮೇಷ್ಟ್ರಿಗೆ ತಮ್ಮ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಡ್ರೈವರಣ್ಣ ಹಳಿಗಳನ್ನು ಮೆಲ್ಲಗೆ ಕೆಳಗಿಟ್ಟರು. ಟೀಚರಮ್ಮ ಮಾತ್ರ ಹೋಗುವಾಗ ತಡೆದು, "ಗೊರಕೆ ಶ್ರುತಿಬದ್ಧವಾಗಿದೆ, ಹಲಗೆ ಚೆನ್ನಾಗಿ ಮೊಳಗುತ್ತೆ," ಎಂದು ಕಂಪೌಂಡರರನ್ನು ಮನಸಾರೆ ಅಭಿನಂದಿಸಿದರು.

ಈಗ ಅಟ್ಟಣೆಯ ಕೆಳಗೆ ಹೋಗಿ ನೋಡಿದರೆ ನಿಮಗೆ ಒಬ್ಬ ಮನುಷ್ಯ ಕಾಣಿಸುತ್ತಾರೆ. ಬೋರಲು ಮಲಗಿ, ಓರೆಪಟ್ಟಿಗಳ ಸಂದಿನಲ್ಲಿ ಹಳಿ ಜೋಡಿಸುತ್ತಿದ್ದಾರೆ. ತಿರುವಿಗೆ ಜಾಗವಿಲ್ಲ, ರೈಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗಿ, ಹಿಂದು ಮುಂದಾಗಿ ವಾಪಸ್ಸು ಬರುತ್ತದೆ. ಅದೂ ಮತ್ತೆ ನೆಲದ ಮೇಲೆಯೇ. ಆದರೆ ಅವರ ಗಮನ ರೈಲಿನ ಮೇಲಿಲ್ಲ. ಆ ಭಾನುವಾರ ಬೆಳಗಿನಿಂದ ಯಾವ ಸದ್ದು ಬಾರದಿರಲಿ ಎಂದು ಬೇಡಿಕೊಂಡಿದ್ದರೋ, ಅದೊಂದು ಸದ್ದಿಗಾಗಿ ಕಿವಿ ನಿಮಿರಿಸಿದ್ದಾರೆ. ಒಂದೇ ಒಂದು ಕಿರ್. ಅಷ್ಟಾದರೆ ಸಾಕು, ಮಾವನವರು ಎದ್ದು ಕೂತು, ಹುಬ್ಬು ಗಂಟಿಕ್ಕಿ, ಚೀಲ ಎತ್ತಿಕೊಂಡು ಹೊರಟುಬಿಡುತ್ತಾರೆ.

ಮೇಲೆ ಮಾವನವರು ಮಗ್ಗುಲು ಬದಲಿಸಿದರು. ಕಂಪೌಂಡರರು ಉಸಿರು ಬಿಗಿಹಿಡಿದರು.

ಏನೂ ಇಲ್ಲ. ಅಂಥ ಕೆಲಸ ಅದು.